ಕೊಯ್ಲಿನ ಕಾಲ ಯಾರಿಗೆ ಗೊತ್ತು?



ಮೌಳಂಗಿಯಲ್ಲಿ ಈಗ ಸುಗ್ಗಿಯ ಕಾಲ. ಬೆಳಿಗ್ಗೆ ಕಾಳಿ ನದಿಯ ಮೇಲಿನ ಮಂಜು ಕರಗುವ ಮೊದಲೇ ಜನ ಕುಡುಗೋಲು ಹಿಡಿದು ಗದ್ದೆಗೆ ಇಳಿಯುತ್ತಾರೆ. ನಿವೃತ್ತನಾದ ನನಗೆ ಗಂಟೆಯ ಹಂಗಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ಕೊಯ್ಲು ನೋಡುತ್ತ ಒಂದು ತಾಸು ಕಳೆದರೂ ಕೇಳುವವರಿಲ್ಲ. ಹಾಗೆ ನಿಂತಿದ್ದಾಗಲೇ, ಕಳೆದ ರೋಹಿಣಿ ಮಳೆಯ ಹೊತ್ತಿಗೆ ಬಂದ ಒಂದು ದೂರವಾಣಿ ಕರೆ ನೆನಪಾಗಿ, ಈ ಲೇಖನ ಬರೆಯಲು ಕುಳಿತೆ.

ಕರೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಹಳಿಯಾಳದ ಕಡೆಯ ಕ್ರೈಸ್ತ ರೈತ ಕುಟುಂಬದವನು. ಕುಶಲ ವಿಚಾರಿಸಿದ ಮೇಲೆ ತುಸು ತಡೆದು ಹೇಳಿದ: "ಸರ್, ನೀವು ನಮಗ ಇತಿಹಾಸ ಕಲಿಸಿದೋರು. ಅಪ್ಪಾರು ಈ ವರ್ಷ ಬಿತ್ತೂದ ಬ್ಯಾಡ ಅಂತ ಕುಂತಾರ್ರೀ. ಯಾರೋ ಮೊಬೈಲಿನ್ಯಾಗ ಪ್ರವಚನ ಕಳಿಸ್ಯಾರ. ಕಡೇ ದಿನ ಬಂತು, ದೇವರ ಸುಗ್ಗಿ ಶುರು ಆತು, ಇನ್ನ ನಮ್ಮ ಸುಗ್ಗಿ ಯಾತಕ್ಕ ಅಂತಾರ. ಏನ್ ಹೇಳ್ಲಿ ಅವರಿಗೆ?"

ನಾನು ಬಿ.ಎಡ್. ಮುಗಿಸಿ ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನೇ ಹೊರತು ದೇವತಾಶಾಸ್ತ್ರ ಓದಿದವನಲ್ಲ. ಒಬ್ಬರ ನಂಬಿಕೆಯನ್ನು ಅಲ್ಲಗಳೆಯುವ ಅಧಿಕಾರವೂ ನನಗಿಲ್ಲ. ಆದರೆ ಒಂದು ಮಾತನ್ನು ಹಿಂದಿನವರು ಹೇಗೆ ಅರ್ಥಮಾಡಿಕೊಂಡರು, ಅದರಿಂದ ಏನಾಯಿತು ಎಂದು ಹೇಳುವುದು ಇತಿಹಾಸದ ಮೇಷ್ಟ್ರ ಕೆಲಸವೇ ಆಗಿದೆ. ಅಂದು ಅವನಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಯೇಸು ಬೋಧಿಸಿದ್ದು ಗಲಿಲಾಯದ ರೈತರ, ಮೀನುಗಾರರ ನಡುವೆ. ಆದ್ದರಿಂದ ಆತನ ಸಾಮ್ಯಗಳಲ್ಲಿ ಹೊಲ, ಬೀಜ, ಕಳೆ, ಕಣಜಗಳು ಮತ್ತೆ ಮತ್ತೆ ಬರುತ್ತವೆ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಇಂಥವು ಒಂದರ ಹಿಂದೆ ಒಂದಿವೆ. ಅವುಗಳಲ್ಲಿ ಗೋದಿ ಮತ್ತು ಕಳೆಯ ಕತೆ ಮುಖ್ಯವಾದುದು. ಯಜಮಾನನು ಒಳ್ಳೆಯ ಬೀಜ ಬಿತ್ತುತ್ತಾನೆ. ಎಲ್ಲರೂ ಮಲಗಿದ್ದಾಗ ವೈರಿಯೊಬ್ಬ ಬಂದು ಅದೇ ಹೊಲದಲ್ಲಿ ಕಳೆಯ ಬೀಜ ಎರಚಿ ಹೋಗುತ್ತಾನೆ. ತೆನೆ ಬಿಟ್ಟಾಗ ಗುಟ್ಟು ಬಯಲಾಗುತ್ತದೆ. ಕಿತ್ತುಹಾಕೋಣವೇ ಎಂದು ಆಳುಗಳು ಕೇಳುತ್ತಾರೆ. ಕಳೆಯೊಂದಿಗೆ ಗೋದಿಯೂ ಕಿತ್ತು ಬಂದೀತು, ಕೊಯ್ಲಿನವರೆಗೆ ಎರಡೂ ಬೆಳೆಯಲಿ ಎಂದು ಯಜಮಾನ ತಡೆಯುತ್ತಾನೆ. ಮುಂದೆ ಶಿಷ್ಯರು ಅರ್ಥ ಕೇಳಿದಾಗ, ಹೊಲವೆಂದರೆ ಲೋಕ, ಕೊಯ್ಲೆಂದರೆ ಯುಗದ ಸಮಾಪ್ತಿ, ಕೊಯ್ಯುವವರು ದೇವದೂತರು ಎಂಬ ವಿವರಣೆ ಅಲ್ಲಿಯೇ ಬರುತ್ತದೆ.

ನಮ್ಮ ಭಾಗದ ರೈತನು ಈ ಕತೆ ಕೇಳಿದರೆ ಮೊದಲು ನಕ್ಕಾನು. ಹಳಿಯಾಳ, ಕಲಘಟಗಿಗಳ ಕಡೆ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿ ಹಳೆಯದು. ಬಿತ್ತಿದ ಮೇಲೆ ಎಡೆಕುಂಟೆ ಹೊಡೆದು, ಹೆಣ್ಣುಮಕ್ಕಳು ಬಗ್ಗಿ ಬಗ್ಗಿ ಕಳೆ ತೆಗೆಯದಿದ್ದರೆ ಮನೆಗೆ ಬರುವುದು ಹುಲ್ಲು ಮಾತ್ರ. ಕಳೆ ಕೀಳಬೇಡ ಎನ್ನುವವನು ಎಂಥ ಯಜಮಾನ? ಗಲಿಲಾಯದ ರೈತರಿಗೂ ಹೀಗೆಯೇ ಅನ್ನಿಸಿರಬೇಕು. ಕತೆಯ ಕೊಂಡಿ ಇರುವುದು ಅಲ್ಲಿಯೇ.

ಕನ್ನಡ ಬೈಬಲ್ಲಿನಲ್ಲಿ 'ಹಣಜಿ' ಎಂದು ಕರೆದಿರುವ ಆ ಕಳೆಯು ಸಾಮಾನ್ಯ ಹುಲ್ಲಲ್ಲ. ತೆನೆ ಬರುವವರೆಗೆ ಅದು ಥೇಟು ಗೋದಿಯ ಹಾಗೆಯೇ ಕಾಣುತ್ತದೆ. ಬೇರುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಕಾಳು ಹಿಟ್ಟಿನಲ್ಲಿ ಬೆರೆತರೆ ತಲೆ ತಿರುಗಿ ವಾಂತಿಯಾಗುತ್ತದೆ. ಇನ್ನೊಬ್ಬರ ಹೊಲದಲ್ಲಿ ಇಂಥ ಬೀಜ ಎರಚಿ ಬೆಳೆ ಕೆಡಿಸಿದವನ ಮೇಲೆ ದಾವೆ ಹೂಡುವ ವಿಚಾರ ರೋಮನ್ ಕಾನೂನಿನ ಗ್ರಂಥಗಳಲ್ಲಿಯೇ ಇದೆ. ಅಂದರೆ ಅದು ಕೇಳುವವರಿಗೆ ಗೊತ್ತಿದ್ದ ಅಪರಾಧವೇ. ನಮ್ಮ ಗದ್ದೆಯಲ್ಲಿಯೂ ಭತ್ತದ ವೇಷದ ಕಳೆ ಇದೆಯಲ್ಲ! ಭತ್ತದ ಎಲೆಯು ಕಾಂಡಕ್ಕೆ ಕೂಡುವಲ್ಲಿ ತೆಳ್ಳಗಿನ ಪೊರೆಯೊಂದಿರುತ್ತದೆ. ಆ ಕಳೆಗೆ ಇರುವುದಿಲ್ಲ. ಅನುಭವಸ್ಥ ಹೆಂಗಸರು ಕಣ್ಣೋಟದಲ್ಲಿಯೇ ಗುರುತಿಸುತ್ತಾರೆ, ಹೊಸಬರು ಭತ್ತವನ್ನೇ ಕಿತ್ತು ಬೈಸಿಕೊಳ್ಳುತ್ತಾರೆ. ಕತೆಯ ಯಜಮಾನನಿಗೆ ಕಳೆಯ ಮೇಲೆ ಕರುಣೆಯಿರಲಿಲ್ಲ. ಆಳುಗಳ ಕಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಅಲ್ಲದೆ ಕೊಯ್ಲಿನ ದಿನವೂ ಕೀಳುವ ಕೆಲಸವನ್ನು ಆತ ಆ ಆಳುಗಳಿಗೆ ಒಪ್ಪಿಸುವುದಿಲ್ಲ, ಕೊಯ್ಯುವವರಿಗೆ ಹೇಳುತ್ತೇನೆ ಎನ್ನುತ್ತಾನೆ.

ಇಷ್ಟು ಸ್ಪಷ್ಟವಾದ ಕತೆಯನ್ನು ಮುಂದಿನ ಶತಮಾನಗಳು ಹೇಗೆ ಓದಿದವೆಂಬುದು ಸ್ವಾರಸ್ಯಕರ. ಉತ್ತರ ಆಫ್ರಿಕದಲ್ಲಿ 4ನೆಯ ಶತಮಾನದ ಕೊನೆಗೆ ಡೊನಾಟಿಸ್ಟರೆಂಬ ಪಂಗಡದವರು, ಹಿಂಸೆಗೆ ಹೆದರಿ ಧರ್ಮಭ್ರಷ್ಟರಾದವರ ಸಂಪರ್ಕವಿಲ್ಲದ ತಮ್ಮದೇ ಶುದ್ಧ ಸಭೆ ಎಂದು ವಾದಿಸುತ್ತಿದ್ದರು. ಹಿಪ್ಪೋ ನಗರದ ಬಿಷಪ್ ಅಗಸ್ಟೀನನು ಈ ಸಾಮ್ಯವನ್ನೇ ಮುಂದಿಟ್ಟು, ಈ ಲೋಕದಲ್ಲಿ ಸಭೆಯು ಯಾವಾಗಲೂ ಬೆರಕೆಯ ಹೊಲವೇ, ಶುದ್ಧೀಕರಣ ಕೊಯ್ಲಿನಲ್ಲಿ ಎಂದು ಉತ್ತರಿಸಿದ. ಆದರೆ ಅದೇ ಅಗಸ್ಟೀನನು ಮುಂದೆ ಡೊನಾಟಿಸ್ಟರ ಮೇಲೆ ಸರ್ಕಾರದ ಬಲಪ್ರಯೋಗವನ್ನು ಒಪ್ಪಿದನೆಂಬುದನ್ನೂ ಮರೆಯಲಾಗದು. ಒಳ್ಳೆಯ ಅರ್ಥ ಹೇಳಿದವನೂ ಕೈಯಲ್ಲಿ ಅಧಿಕಾರವಿದ್ದಾಗ ಅದನ್ನು ಪಾಲಿಸುವುದು ಕಷ್ಟ!

ಕೊಯ್ಲು ಬಂದೇಬಿಟ್ಟಿತು, ಕುಡುಗೋಲು ನನ್ನ ಕೈಯಲ್ಲಿದೆ ಎಂದವರೂ ಇದ್ದರು. ಜರ್ಮನಿಯ ಥಾಮಸ್ ಮ್ಯೂಂಟ್ಸರ್ ಎಂಬ ಬೋಧಕನು 1521ರಲ್ಲಿಯೇ ತಾನು ದೇವರ ಕೊಯ್ಲಿಗೆ ಕುಡುಗೋಲು ಮಸೆಯುತ್ತಿದ್ದೇನೆಂದು ಸಾರಿದ. 1524ರಲ್ಲಿ ರಾಜಕುಮಾರರ ಎದುರಿಗೇ, ಸುಗ್ಗಿಯ ಕಾಲ ಬಂದಿರುವುದರಿಂದ ಕಳೆ ಕೀಳಲೇಬೇಕೆಂದು ಉಪದೇಶಿಸಿದ. ರೈತರ ಕಷ್ಟ ನಿಜವಾದದ್ದು, ಅವರ ಬೇಡಿಕೆಗಳೂ ನ್ಯಾಯವಾದವು. ಆದರೆ 1525ರ ಮೇ 15ರಂದು ಫ್ರಾಂಕೆನ್‌ಹೌಸೆನ್ನಿನಲ್ಲಿ ರಾಜರ ಸೈನ್ಯ ಸಾವಿರಾರು ರೈತರನ್ನು ಕೊಚ್ಚಿಹಾಕಿತು. ಮ್ಯೂಂಟ್ಸರನನ್ನು ಹಿಡಿದು ಶಿರಚ್ಛೇದ ಮಾಡಿದರು. ಒಂದು ಶತಮಾನದ ತರುವಾಯ, 1644ರಲ್ಲಿ, ಅಮೆರಿಕದ ರೋಡ್ ಐಲೆಂಡ್ ವಸಾಹತನ್ನು ಸ್ಥಾಪಿಸಿದ ರೋಜರ್ ವಿಲಿಯಮ್ಸ್ ಇದೇ ಸಾಮ್ಯದಿಂದ ತೀರ ಬೇರೆ ಪಾಠ ತೆಗೆದ. ಹೊಲವೆಂದರೆ ಲೋಕವಾದರೆ, ಲೋಕದಲ್ಲಿ ಎಲ್ಲ ಮತದವರೂ ಕೊಯ್ಲಿನವರೆಗೆ ಬದುಕಬೇಕು, ರಾಜನಿಗೆ ಕಳೆ ಕೀಳುವ ಹಕ್ಕಿಲ್ಲ ಎಂದು ಆತ ವಾದಿಸಿದ. ಧಾರ್ಮಿಕ ಸ್ವಾತಂತ್ರ್ಯದ ಆರಂಭದ ವಾದಗಳಲ್ಲಿ ಒಂದು ಹುಟ್ಟಿದ್ದು ಹೀಗೆ, ಒಂದು ಕಳೆಯ ಕತೆಯಿಂದ.

ಇನ್ನು ಕಾಲ ನಿರ್ಣಯದ ವಿಚಾರ. ಆ ದಿನವಾಗಲಿ ಗಳಿಗೆಯಾಗಲಿ ತಂದೆಗಲ್ಲದೆ ಯಾರಿಗೂ ತಿಳಿಯದು ಎಂಬ ಅರ್ಥದ ಮಾತು ಮತ್ತಾಯನ 24ನೆಯ ಅಧ್ಯಾಯದಲ್ಲಿದೆ. ಹಾಗಿದ್ದರೂ ಲೆಕ್ಕ ಹಾಕುವವರು ಯಾವ ಕಾಲದಲ್ಲಿಯೂ ಕಡಿಮೆಯಾಗಲಿಲ್ಲ. ಈ ಲೆಕ್ಕದ ಕತೆಯೊಂದು ನಮ್ಮ ಧಾರವಾಡದವರೆಗೆ ಬಂದು ಮುಟ್ಟುತ್ತದೆ. ಅದಕ್ಕೆ ಮೊದಲು ಜರ್ಮನಿಯ ವ್ಯೂರ್ಟೆಂಬರ್ಗ್ ಎಂಬ ನಾಡಿಗೆ ಹೋಗಿ ಬರಬೇಕು.

ಅಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಎಂಬ ದೊಡ್ಡ ವಿದ್ವಾಂಸನಿದ್ದ. ಬೈಬಲ್ಲಿನ ಗ್ರೀಕ್ ಮೂಲಪಾಠವನ್ನು ಶುದ್ಧಗೊಳಿಸುವ ಕೆಲಸದಲ್ಲಿ ಇಂದಿಗೂ ಗೌರವದ ಹೆಸರು. ಈತನು ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿಸಿ ಗುಣಿಸಿ, 1836ರಲ್ಲಿ ಹೊಸ ಯುಗ ಆರಂಭವಾಗುವುದೆಂದು ಲೆಕ್ಕ ಹಾಕಿದ. ಆ ವರ್ಷ ಏನೂ ಆಗದಿದ್ದರೆ ತನ್ನ ಲೆಕ್ಕದಲ್ಲಿ ದೊಡ್ಡ ತಪ್ಪಿದೆಯೆಂದು ತಿಳಿಯಬೇಕೆಂದೂ ಪ್ರಾಮಾಣಿಕವಾಗಿ ಬರೆದಿಟ್ಟ. ಅವನ ಲೆಕ್ಕ ಹಳ್ಳಿಹಳ್ಳಿಗಳ ಭಕ್ತರ ಮನಸ್ಸಿನಲ್ಲಿ ನೆಲೆಸಿತು. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆತು ವ್ಯೂರ್ಟೆಂಬರ್ಗಿನಲ್ಲಿ ಹಸಿವು ತಾಂಡವವಾಡಿತು. ಜ್ವಾಲಾಮುಖಿಯ ಕಾರಣ ಯಾರಿಗೂ ತಿಳಿದಿರಲಿಲ್ಲ. ಕಡೆಯ ದಿನಗಳು ಬಂದವೆಂದು ನಂಬಿ ಸಾವಿರಾರು ಜನ ಮನೆ ಮಾರು ಮಾರಿಕೊಂಡು ರಷ್ಯದ ಕಾಕಸಸ್ ಕಡೆಗೆ ಹೊರಟರು. ಎಷ್ಟೋ ಮಂದಿ ದಾರಿಯಲ್ಲಿ ರೋಗದಿಂದ ಸತ್ತರು. ಮರುವರ್ಷ, 1817ರಲ್ಲಿ, ಊರಿನಲ್ಲಿ ಉಳಿದವರು ಮೊದಲ ಸುಗ್ಗಿಯ ಬಂಡಿಯನ್ನು ಹಾಡು ಹೇಳುತ್ತ, ಮೆರವಣಿಗೆಯಲ್ಲಿ ಬರಮಾಡಿಕೊಂಡರು. ದೇವರ ಸುಗ್ಗಿ ಬಂತೆಂದು ಹೋದವರು, ತಮ್ಮ ಹೊಲದ ಸುಗ್ಗಿಯನ್ನು ಕಾಣಲಿಲ್ಲ.

ಈ ವಾತಾವರಣದಲ್ಲಿಯೇ 1815ರಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ಅದರ ಪಾದ್ರಿಗಳಲ್ಲಿ ಅನೇಕರು ವ್ಯೂರ್ಟೆಂಬರ್ಗಿನವರು. ಮುಂದೆ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅದೇ ನಾಡಿನಲ್ಲಿ, 1811ರಲ್ಲಿ. ಬರಗಾಲದ ವರ್ಷ ಆತ ಐದು ವರ್ಷದ ಹುಡುಗ. ಆತ ಭಾರತಕ್ಕೆ ಬಂದ ವರ್ಷ ಯಾವುದು ಗೊತ್ತೇ? 1836. ಬೆಂಗೆಲ್ ಹೇಳಿದ ಅದೇ ವರ್ಷ. ಯುಗ ಬದಲಾಗಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದಿನಿಂದ ಪರದೇಶದ ಮಿಷನರಿಗಳಿಗೂ ದಾರಿ ತೆರೆದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ಲಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಆಗ ಈ ಸೀಮೆಯ ಸ್ಥಿತಿ ಹೇಗಿತ್ತೆಂದು ನೆನಪಿಸಿಕೊಳ್ಳಿ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. 1824ರಲ್ಲಿ ಕಿತ್ತೂರಿನ ಕದನ. 1831ರಲ್ಲಿ ನಮ್ಮ ಹಳಿಯಾಳಕ್ಕೆ ದೂರವಲ್ಲದ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಎರಡು ದಶಕಗಳೊಳಗೆ ಜನ ಕಂಡ ಲೋಕವೇ ತಲೆಕೆಳಗಾಗಿತ್ತು. ಇಂಥ ಕಾಲದಲ್ಲಿ ಮುಂದೇನು ಎಂಬ ಪ್ರಶ್ನೆಗೆ ಜನ ಹಳೆಯ ಭವಿಷ್ಯವಾಣಿಗಳಲ್ಲಿ ಉತ್ತರ ಹುಡುಕುವುದು ಸಹಜ.

ಕನ್ನಡ ನಾಡಿಗೆ ಭವಿಷ್ಯವಾಣಿ ಹೊಸತಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನ ಗ್ರಂಥಗಳಿವೆ. ಮೈಲಾರದಲ್ಲಿ ಇಂದಿಗೂ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ; ಜನ ಅದರಲ್ಲಿ ಆ ವರ್ಷದ ಮಳೆ ಬೆಳೆಯನ್ನು ಓದಿಕೊಳ್ಳುತ್ತಾರೆ. ಹುಬ್ಬಳ್ಳಿ, ಧಾರವಾಡಗಳ ಸುತ್ತಲೂ ಆಗ ಕಾಲಜ್ಞಾನಿಗಳೆಂದು ಕರೆಯಲಾಗುತ್ತಿದ್ದ, ಲಿಂಗಾಯತರೊಳಗಿನ ಒಂದು ಪಂಗಡವಿತ್ತು. ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲವು ಈ ಬಿಳಿಯ ಬೋಧಕರ ಬರವಿನೊಂದಿಗೆ ಕೂಡಿಬಂತೆಂದು ನಂಬಿ, 1839-40ರ ಸುಮಾರಿಗೆ ಅವರು ಮಿಷನರಿಗಳನ್ನು ಹುಡುಕಿಕೊಂಡು ಬಂದರು.

ಆ ಪಾದ್ರಿಗಳ ಸ್ಥಿತಿಯನ್ನು ಊಹಿಸಿ. ಊರು ಬಿಟ್ಟು, ಸಮುದ್ರ ದಾಟಿ, ಭಾಷೆ ಕಲಿತು, ಬಿಸಿಲಿನಲ್ಲಿ ಬೀದಿಬೀದಿ ತಿರುಗಿದರೂ ಕೇಳುವವರು ಬೆರಳೆಣಿಕೆಯಷ್ಟು. ಅಂಥಲ್ಲಿ ಜನ ತಾವಾಗಿಯೇ ಬಂದು, ನಿಮಗಾಗಿಯೇ ಕಾಯುತ್ತಿದ್ದೆವು ಎಂದರೆ! ಬೆಳೆ ಹೇರಳವಾಗಿದೆ, ಕೊಯ್ಯುವ ಆಳುಗಳು ಕಡಿಮೆ ಎಂಬ ಸುವಾರ್ತೆಯ ಮಾತು ಕಣ್ಣೆದುರಿಗೇ ನಿಜವಾದಂತೆ ತೋರಿತು. ಹೀಗೆ ಕ್ರೈಸ್ತರಾಗುವವರು ನೆಲೆಸಲೆಂದು 1841ರಲ್ಲಿ ಗದಗ-ಬೆಟಗೇರಿಯ ಬಳಿಯ ಮಲ್ಲಸಮುದ್ರದಲ್ಲಿ ಒಂದು ಬೇಸಾಯದ ವಸಾಹತನ್ನೇ ಆರಂಭಿಸಿದರು. ಕಣಜ ಕಟ್ಟಿ ಬೆಳೆಗಾಗಿ ಕಾದಂತಾಯಿತು.

ಬೆಳೆ ಬರಲಿಲ್ಲ. ಕಾಲಜ್ಞಾನಿಗಳು ನಿರೀಕ್ಷಿಸಿದ್ದು ತಮ್ಮ ಗ್ರಂಥದ ಹೊಸ ಕಾಲವನ್ನು. ಪಾದ್ರಿಗಳು ನೀಡಲು ಬಂದದ್ದು ತಮ್ಮ ಗ್ರಂಥದ ರಕ್ಷಣೆಯನ್ನು. ಒಂದೇ ಮಾತನ್ನು ಆಡುತ್ತಿದ್ದೇವೆಂದು ಇಬ್ಬರೂ ಕೆಲಕಾಲ ತಿಳಿದಿದ್ದರು. ಜಾತಿ, ಬಂಧುಬಳಗ, ಮಠಗಳನ್ನು ಬಿಟ್ಟುಬರುವ ಪ್ರಶ್ನೆ ಎದುರಾದಾಗ ಜನ ಹಿಂದೆ ಸರಿದರು. ಬಂದವರು ಲಾಭದ ಆಸೆಯಿಂದ ಬಂದಿದ್ದರೆಂದು ಮಿಷನಿನ ಕಡೆಯವರು ದೂರಿಕೊಂಡದ್ದುಂಟು. ನನ್ನ ಅಲ್ಪಮತಿಗೆ ತೋಚುವಂತೆ ಆ ದೂರು ಅರ್ಧ ಸತ್ಯ. ರಾಜ್ಯಗಳು ಉರುಳಿದ ನಾಡಿನಲ್ಲಿ, ಹೊಸ ಕಾಲದಲ್ಲಿ ಹೊಸ ಆಸರೆ ಸಿಕ್ಕೀತೆಂದು ಆಶಿಸುವುದು ಬಡವನ ತಪ್ಪಲ್ಲ. ಅಲ್ಲದೆ ಕಾಲದ ಲೆಕ್ಕದಲ್ಲಿ ಮೋಸಹೋದವರು ಅವರೊಬ್ಬರೇ ಅಲ್ಲ. ಪಾದ್ರಿಗಳ ತವರಿನಲ್ಲಿಯೂ 1836 ಸುಮ್ಮನೆ ಕಳೆದುಹೋಗಿತ್ತು. ಅತ್ತ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ-ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನ ಪುನರಾಗಮನವೆಂದು ಕಾದರು. ಕೆಲವರು ಬೆಳೆಯನ್ನು ಹೊಲದಲ್ಲಿಯೇ ಬಿಟ್ಟಿದ್ದರಂತೆ. ಬೆಳಗಾಯಿತು, ಎಂದಿನಂತೆ ಸೂರ್ಯ ಹುಟ್ಟಿದ. ಆ ದಿನವನ್ನು ಅವರು 'ಮಹಾ ನಿರಾಶೆ' ಎಂದು ಕರೆದರು. ನಾವೂ ಇವರನ್ನು ನೋಡಿ ನಗುವಂತಿಲ್ಲ. 1962ರ ಫೆಬ್ರುವರಿಯ ಅಷ್ಟಗ್ರಹ ಕೂಟಕ್ಕೆ ಲೋಕ ಮುಳುಗುವುದೆಂದು ದೇಶದ ತುಂಬ ಹೋಮ ಹವನಗಳು ನಡೆದವು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುವುದೆಂದು ಊರಿನ ಎಷ್ಟು ಕೋಳಿಗಳು ಅಕಾಲದಲ್ಲಿ ಸಾರಾದವೆಂಬುದು ನನಗೇ ನೆನಪಿದೆ!

ಹಾಗಾದರೆ ಆ ಪಾದ್ರಿಗಳ ಶ್ರಮವೆಲ್ಲ ವ್ಯರ್ಥವಾಯಿತೇ? ಅವರು ಕೊಯ್ಯಲು ಬಂದ ಬೆಳೆ ಸಿಗಲಿಲ್ಲ, ನಿಜ. ಆದರೆ ಅವರು ಕೊಯ್ಲಿಗೆ ಹದಮಾಡುತ್ತಿದ್ದೇವೆಂದು ತಿಳಿದು ಮಾಡಿದ ಕೆಲಸಗಳು ಬೇರೆಯೇ ಫಲ ಕೊಟ್ಟವು. ಶಾಲೆಗಳು, ಅಚ್ಚುಕೂಟ, ಮೋಗ್ಲಿಂಗ್ ಅಚ್ಚುಹಾಕಿಸಿದ ಹಳೆಯ ಕನ್ನಡ ಕಾವ್ಯಗಳು, 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ದುಡಿದು 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟು. ನಾನು ಧಾರವಾಡದಲ್ಲಿ ಓದುವಾಗ ಬಾಸೆಲ್ ಮಿಷನ್ ಶಾಲೆಯ ಮುಂದೆ ಎಷ್ಟೋ ಸಲ ನಡೆದಿದ್ದೇನೆ. ಈ ಹಿನ್ನೆಲೆ ಆಗ ತಿಳಿದಿರಲಿಲ್ಲ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಚಿಕ್ಕದೊಂದು ಸಾಮ್ಯವಿದೆ. ಬಿತ್ತಿದ ರೈತ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಹೇಗೆ ಮೊಳೆತು ಬೆಳೆಯಿತೆಂದು ಅವನಿಗೇ ತಿಳಿಯದು. ಪಾದ್ರಿಗಳ ಕತೆಗೆ ಹೊಂದುವ ಸಾಮ್ಯ ಇದೇ ಎಂದು ನನಗನ್ನಿಸುತ್ತದೆ.

ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನು ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗದು. ನಾನು ದುಡಿದ ಶಾಲೆಯೊಂದರಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಹಿಂದೆ, ತಂಟೆಯಲ್ಲಿ ಮುಂದೆ. ಅವನಿಂದ ಎಸ್.ಎಸ್.ಎಲ್.ಸಿ. ಫಲಿತಾಂಶ ಇಳಿಯುತ್ತದೆಂಬ ಚರ್ಚೆ ನಡೆದಾಗ, "ಇವನು ಕಳೆ, ಈಗಲೇ ಕಿತ್ತರೆ ಉಳಿದವರು ಉದ್ಧಾರವಾಗುತ್ತಾರೆ" ಎಂದವನು ನಾನೇ. ಅವನ ತಂದೆಯನ್ನು ಕರೆಸಿ ಬಿಡಿಸಿಕೊಂಡು ಹೋಗಲು ಹೇಳಿದೆವು. ಮುಂದೆ ಬಹಳ ವರ್ಷಗಳ ಮೇಲೆ ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಒಬ್ಬ ಗೃಹಸ್ಥ ಕಾಲು ಮುಟ್ಟಿ ನಮಸ್ಕರಿಸಿದ. ಅವನೇ. ಗ್ಯಾರೇಜು ಇಟ್ಟುಕೊಂಡಿದ್ದಾನೆ, ಇಬ್ಬರು ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. "ನಾ ಓದಲಿಲ್ಲ ಸರ್, ಅವರನ್ನರ ಓದಸ್ತೀನಿ" ಎಂದ. ನನಗೆ ಮುಖವೆತ್ತಿ ನೋಡಲಾಗಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಬಸ್ಸು ಬಂತು. ಹದಿನೈದರ ವಯಸ್ಸಿನ ಪೈರನ್ನು ನೋಡಿ ಅದು ಭತ್ತವೋ ಕಳೆಯೋ ಎಂದು ತೀರ್ಮಾನಿಸಿದ ಆಳು ನಾನು.

ನಮ್ಮ ಈ ಸೀಮೆಯೇ ಬೆರಕೆಯ ಹೊಲ. ಹಳಿಯಾಳ, ಯಲ್ಲಾಪುರಗಳ ಕಾಡಿನ ಅಂಚಿನಲ್ಲಿರುವ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ನಮ್ಮ ಮನೆಗಳಲ್ಲಿ ಹೊಸ್ತು ಮಾಡುತ್ತಾರೆ. ಬಯಲುಸೀಮೆಯ ರೈತ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾನೆ. ಹೆಸರು ಬೇರೆ, ತೆನೆಯ ಮುಂದಿನ ಕೃತಜ್ಞತೆ ಒಂದೇ.

ಇರಲಿ, ಮತ್ತೆ ಆ ದೂರವಾಣಿ ಕರೆಗೆ ಬರೋಣ. ಇಷ್ಟೆಲ್ಲ ಇತಿಹಾಸವನ್ನು ಮಳೆಗಾಲದ ಹೊಸ್ತಿಲಲ್ಲಿ ನಿಂತ ರೈತನಿಗೆ ಹೇಳಲಾಗದು. ನಾನು ಆ ಹುಡುಗನಿಗೆ ಎರಡು ಜಾಗಗಳನ್ನು ಮಾತ್ರ ತಂದೆಗೆ ಓದಿ ತೋರಿಸಲು ಹೇಳಿದೆ. ಒಂದು, ಮಾರ್ಕನ ಆ ಬಿತ್ತುವವನ ಸಾಮ್ಯ. ಇನ್ನೊಂದು, ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರ. ಕರ್ತನ ದಿನ ಬಂದೇಬಿಟ್ಟಿತೆಂಬ ಮಾತಿಗೆ ಬೆದರಬೇಡಿರೆಂದೂ, ದುಡಿಯಲೊಲ್ಲದವನು ಉಣ್ಣಲೂಬಾರದೆಂದೂ ಹೇಳುವ ಪತ್ರವದು. ಅವರದೇ ಗ್ರಂಥ, ಅವರದೇ ಪೌಲ. ನನ್ನದೇನೂ ಇಲ್ಲ.

ಮೃಗಶಿರಾ ಮಳೆ ಹಿಡಿದ ಮೇಲೆ ಅವನು ಮತ್ತೆ ಕರೆ ಮಾಡಿದ. "ಬಿತ್ತೂದು ಆತ್ರೀ ಸರ್. ಅಪ್ಪಾರು ತಾವ ಕೂರಿಗಿ ಹಿಡದ್ರು." ಓದಿ ಹೇಳಿದ್ದರಿಂದ ಮನಸ್ಸು ತಿರುಗಿತೋ, ಹಸಿಯಾದ ಮಣ್ಣಿನ ವಾಸನೆಗೆ ಐವತ್ತು ವರ್ಷದ ರೈತನ ಕೈ ಸುಮ್ಮನಿರಲಾರದಾಯಿತೋ, ದೇವರೇ ಬಲ್ಲ. ಮೊನ್ನೆ ಕೊಯ್ಲು ಹೇಗೆ ನಡೆದಿದೆ ಎಂದು ನಾನೇ ಕೇಳಿದೆ. "ಕಳೆ ಜಾಸ್ತಿ ಆಗೇತ್ರೀ, ಆದ್ರೂ ಅಡ್ಡಿ ಇಲ್ಲ. ಅಪ್ಪಾರು ಕಡೇ ದಿನದ ಮಾತ ಬಿಟ್ಟಿಲ್ಲ ಸರ್, ಆದ್ರ ಹೊಲಾನೂ ಬಿಟ್ಟಿಲ್ಲ" ಎಂದು ನಕ್ಕ.

ಅಷ್ಟು ಸಾಕು. ಹೊಸ ಅಕ್ಕಿ ಆದ ಮೇಲೆ ಒಂದು ಚೀಲ ತಂದುಕೊಡುತ್ತಾನಂತೆ. ದುಡ್ಡು ತೆಗೆದುಕೊಳ್ಳದಿದ್ದರೆ ಚೀಲ ಮುಟ್ಟುವುದಿಲ್ಲವೆಂದು ಹೇಳಿದ್ದೇನೆ.

ನಿಮ್ಮ ಊರಿನ ಕಡೆ ಹಿರಿಯರು ಹೇಳುತ್ತಿದ್ದ ಕಾಲಜ್ಞಾನ, ಕಾರಣಿಕ, ಸುಗ್ಗಿಯ ಆಚರಣೆಗಳು ನೆನಪಿದ್ದರೆ ಬರೆದು ಕಳಿಸಿ.